ದರ್ಪಣ ದೂರದರ್ಶಕ: ಮನೆಯಂಗಳದ ಆಕಾಶವೀಕ್ಷಣೆಗೆ

ನಕ್ಷತ್ರದ ಬೆಳಕನ್ನು ಮಸೂರದ ಬದಲು ನಿಮ್ನ ದರ್ಪಣದಿಂದ ಒಂದೆಡೆ ಕೂಡಿಸಿ, ಅಲ್ಲಿ ಮೂಡುವ ಬಿಂಬವನ್ನು ಪುಟ್ಟ ಮಸೂರದಿಂದ ಹಿಗ್ಗಿಸಿ ನೋಡುವ ಉಪಕರಣ. ಪ್ರತಿಫಲನ ದೂರದರ್ಶಕ ಎಂಬ ಹೆಸರೂ ಉಂಟು; ಹವ್ಯಾಸಿಗಳ ಬಾಯಲ್ಲಿ ಇದು ಬರೀ ‘ರಿಫ್ಲೆಕ್ಟರ್’. ಅಂಗಳ, ಹಿತ್ತಲು, ತಾರಸಿಗಳಿಂದ ಆಕಾಶ ನೋಡುವವರು ಬಳಸುವುದು ಬಹುಪಾಲು ಇದರ ನ್ಯೂಟನ್ ಮಾದರಿಯನ್ನು. ಕೊಳವೆಯ ತಳದಲ್ಲಿ ದೊಡ್ಡ ಕನ್ನಡಿ, ಬಾಯಿಯ ಬಳಿ 45 ಡಿಗ್ರಿ ಓರೆಯಾಗಿ ನಿಂತ ಚಿಕ್ಕ ಚಪ್ಪಟೆ ಕನ್ನಡಿ, ಕೊಳವೆಯ ಪಕ್ಕದಲ್ಲಿ ಕಣ್ಣಿಡುವ ಐಪೀಸ್ ಅಥವಾ ನೇತ್ರಮಸೂರ: ಇಷ್ಟೇ ಅದರ ರಚನೆ. ಇಂಥದೊಂದನ್ನು ಕೊಳ್ಳಹೊರಟವರು ಮೊದಲು ಕೇಳುವ ಪ್ರಶ್ನೆ, ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ ಎಂಬುದು. ಅಲ್ಲಿಂದಲೇ ಎಡವಟ್ಟು ಶುರುವಾಗುತ್ತದೆ. ಕನ್ನಡಿಯ ವ್ಯಾಸ ಎಷ್ಟು, ಅದನ್ನು ಹೊತ್ತ ಪೀಠ ಅಲುಗದೆ ನಿಲ್ಲುತ್ತದೆಯೇ ಎಂಬ ಎರಡು ಪ್ರಶ್ನೆಗಳು ಮಿಕ್ಕೆಲ್ಲಕ್ಕಿಂತ ದೊಡ್ಡವು. ಸುಮಾರು ಹನ್ನೊಂದೂವರೆಯಿಂದ ಹದಿನೆಂಟೂವರೆ ಡಿಗ್ರಿ ಉತ್ತರ ಅಕ್ಷಾಂಶದ ನಡುವೆ ಇರುವ ಕರ್ನಾಟಕದಿಂದ ನೋಡುವವರಿಗೆ ಎರಡನೆಯ ಪ್ರಶ್ನೆಯ ಉತ್ತರ ಯೂರೋಪಿನವರಿಗಿಂತ ಬೇರೆಯೇ ಆಗಿದೆ.

1668ರಲ್ಲಿ ಐಸಾಕ್ ನ್ಯೂಟನ್ ತಾನೇ ಎರಕ ಹೊಯ್ದು, ಉಜ್ಜಿ, ಹೊಳಪಿಟ್ಟ ಕನ್ನಡಿಯ ವ್ಯಾಸ ಸುಮಾರು 33 ಮಿ.ಮೀ. ತಾಮ್ರ ಮತ್ತು ತವರ ಬೆರೆತ ಬಿಳಿ ಮಿಶ್ರಲೋಹದ್ದು. ಇಡೀ ಉಪಕರಣ ಒಂದು ಗೇಣಿಗಿಂತ ಚಿಕ್ಕದು. ಮಸೂರದಲ್ಲಿ ಹಾಯುವ ಬೆಳಕು ಬಣ್ಣಗಳಾಗಿ ಒಡೆದು ಬಿಂಬದ ಅಂಚಿಗೆ ನೀಲಿ-ಕೆಂಪು ಸೆರಗು ಕಟ್ಟುತ್ತದೆ. ಈ ದೋಷಕ್ಕೆ ಮದ್ದೇ ಇಲ್ಲ ಎಂದು ನಂಬಿದ್ದರಿಂದ ನ್ಯೂಟನ್ ಕನ್ನಡಿಯತ್ತ ಹೊರಳಿದ. ನಂಬಿಕೆ ತಪ್ಪಾಗಿತ್ತು: ಎರಡು ಬಗೆಯ ಗಾಜು ಜೋಡಿಸಿ ಬಣ್ಣದ ದೋಷವನ್ನು ಬಹುಮಟ್ಟಿಗೆ ನೀಗುವ ಮಸೂರಕ್ಕೆ 1758ರಲ್ಲಿ ಲಂಡನ್ನಿನ ಜಾನ್ ಡಾಲಂಡ್ ಪೇಟೆಂಟ್ ಪಡೆದ. ಆದರೂ ಕನ್ನಡಿಯೇ ಗೆದ್ದಿತು, ಬೇರೆ ಕಾರಣಗಳಿಂದ. ಮಸೂರದೊಳಗೆ ಬೆಳಕು ಹಾದುಹೋಗುವುದರಿಂದ ಗಾಜು ಒಳಗೆಲ್ಲ ಕಲೆ ಗುಳ್ಳೆಗಳಿಲ್ಲದೆ ಶುದ್ಧವಾಗಿರಬೇಕು. ಎರಡು ಗಾಜಿನ ನಾಲ್ಕು ಮೈಗಳನ್ನು ಕರಾರುವಾಕ್ಕಾಗಿ ಉಜ್ಜಬೇಕು. ಅದನ್ನು ಅಂಚಿನಲ್ಲಿ ಮಾತ್ರ ಹಿಡಿದು ನಿಲ್ಲಿಸಬಹುದು. ಕನ್ನಡಿಗೆ ಬಾಗಿದ ಮೈ ಒಂದೇ, ಬೆನ್ನಿಗೆ ಎಷ್ಟು ಆಸರೆಯನ್ನಾದರೂ ಕೊಡಬಹುದು. ಮಸೂರದ ದೂರದರ್ಶಕಗಳ ಬೆಳವಣಿಗೆ 1897ರ ಯರ್ಕ್ಸ್ ವೀಕ್ಷಣಾಲಯದ 40 ಅಂಗುಲಕ್ಕೇ ನಿಂತುಬಿಟ್ಟಿತು. ಕಾವಲೂರಿನ 2.34 ಮೀಟರ್‌ನ ವೈನು ಬಾಪು ದೂರದರ್ಶಕವಾಗಲಿ, ಲಡಾಖಿನ ಹಾನ್ಲೆಯಲ್ಲಿದ್ದು ಬೆಂಗಳೂರು ಪಕ್ಕದ ಹೊಸಕೋಟೆಯಿಂದ ನಡೆಸಲ್ಪಡುವ 2 ಮೀಟರ್‌ನ ಹಿಮಾಲಯನ್ ಚಂದ್ರ ದೂರದರ್ಶಕವಾಗಲಿ ಕನ್ನಡಿಯವೇ.

ಮನೆಯ ಹಿತ್ತಲಿಗೂ ಕನ್ನಡಿಗೂ ಇರುವ ನಂಟು ಹಳೆಯದು. 1721ರಲ್ಲಿ ಜಾನ್ ಹ್ಯಾಡ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ತೋರಿಸಿದ 6 ಅಂಗುಲದ ಕನ್ನಡಿಯ ಸಂಗಮದೂರ, ಅಂದರೆ ಕನ್ನಡಿಯಿಂದ ಬೆಳಕು ಕೂಡುವ ಬಿಂದುವಿಗಿರುವ ಅಂತರ, ಐದು ಅಡಿಯಷ್ಟು. ಹೈಗನ್ಸ್‌ನ 123 ಅಡಿ ಉದ್ದದ ಮಸೂರ ದೂರದರ್ಶಕದ ಜೊತೆ ಹೋಲಿಸಿದಾಗ ಇದು ಬಿಂಬದ ಸ್ಪಷ್ಟತೆಯಲ್ಲಿ ಸರಿಗಟ್ಟಿತು, ಹೊಳಪಿನಲ್ಲಿ ಮಾತ್ರ ಹಿಂದಾಯಿತು. 1781ರ ಮಾರ್ಚ್ 13ರ ರಾತ್ರಿ ವಿಲಿಯಂ ಹರ್ಶೆಲ್ ಯುರೇನಸ್ ಗ್ರಹವನ್ನು ಕಂಡದ್ದು ಇಂಗ್ಲೆಂಡಿನ ಬಾತ್ ಪಟ್ಟಣದ ತನ್ನ ಮನೆಯ ಹಿತ್ತಲ ತೋಟದಿಂದ, ತಾನೇ ತಯಾರಿಸಿದ 6.2 ಅಂಗುಲದ ಕನ್ನಡಿಯಿಂದ. ಇಂದು ಅಂಗಡಿಯಲ್ಲಿ ಸಿಗುವ 150 ಮಿ.ಮೀ. ದೂರದರ್ಶಕದ ಅಳತೆಯೂ ಹೆಚ್ಚುಕಡಿಮೆ ಅಷ್ಟೇ. ಆದರೆ ಲೋಹದ ಕನ್ನಡಿ ತನ್ನ ಮೇಲೆ ಬಿದ್ದ ಬೆಳಕಿನ ಮೂರನೇ ಎರಡು ಭಾಗವನ್ನಷ್ಟೇ ಮರಳಿಸುತ್ತಿತ್ತು. ಎರಡು ಕನ್ನಡಿ ದಾಟುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳಕು ನಷ್ಟ. ಮೇಲಾಗಿ ಅದು ಬೇಗ ಮಸುಕಾಗುತ್ತಿತ್ತು, ಮತ್ತೆ ಉಜ್ಜಿದರೆ ಮೈಯ ಆಕಾರವೇ ಕೆಡುತ್ತಿತ್ತು. 1850ರ ದಶಕದಲ್ಲಿ ಗಾಜಿನ ಮೇಲೆ ಬೆಳ್ಳಿಯ ಪೊರೆ ಕೂರಿಸುವ ವಿಧಾನ ಬಂದು ಈ ತೊಡಕು ಹೋಯಿತು. 1930ರ ದಶಕದಿಂದ ಬೆಳ್ಳಿಯ ಜಾಗಕ್ಕೆ ಅಲ್ಯೂಮಿನಿಯಂ ಬಂದಿದೆ. ಹಾಗಾಗಿ ಇಂದಿನ ಸಾಧಾರಣ ಕೊಳ್ಳುಗನ ಕೈಯಲ್ಲಿರುವ ಕನ್ನಡಿ ಹರ್ಶೆಲ್ಲನದಕ್ಕಿಂತ ಹೆಚ್ಚು ಬೆಳಕು ಕೊಡುತ್ತದೆ.

ಕನ್ನಡಿಯ ವ್ಯಾಸಕ್ಕೆ ಇಷ್ಟು ಮಹತ್ವ ಏಕೆ? ಕತ್ತಲಿಗೆ ಹೊಂದಿಕೊಂಡ ಮನುಷ್ಯನ ಕಣ್ಣಿನ ಪಾಪೆ ಹೆಚ್ಚೆಂದರೆ 7 ಮಿ.ಮೀ. ತೆರೆದುಕೊಳ್ಳುತ್ತದೆ. ಬೆಳಕು ಹಿಡಿಯುವ ಶಕ್ತಿ ವ್ಯಾಸದ ವರ್ಗಕ್ಕೆ ತಕ್ಕಂತೆ ಏರುವುದರಿಂದ 114 ಮಿ.ಮೀ. ಕನ್ನಡಿ ಬರಿಗಣ್ಣಿನ ಸುಮಾರು 265 ಪಟ್ಟು, 150 ಮಿ.ಮೀ. 460 ಪಟ್ಟು, 200 ಮಿ.ಮೀ. 815 ಪಟ್ಟು ಬೆಳಕು ಹಿಡಿಯುತ್ತದೆ. ಸೂಕ್ಷ್ಮ ವಿವರ ಬಿಡಿಸುವ ಶಕ್ತಿಯೂ ವ್ಯಾಸದ ಕೈಯಲ್ಲೇ ಇದೆ. ನಮ್ಮ ಹಳೆಯ ಜ್ಯೋತಿಷ ಗಣಿತದ ಮಾತಿನಲ್ಲಿ ಒಂದು ಡಿಗ್ರಿಗೆ 60 ಕಲೆ, ಒಂದು ಕಲೆಗೆ 60 ವಿಕಲೆ. ಅನುಭವದಿಂದ ಬಂದ ಡಾಸ್ ಸೂತ್ರದ ಪ್ರಕಾರ, 116ನ್ನು ಕನ್ನಡಿಯ ಮಿಲಿಮೀಟರ್ ವ್ಯಾಸದಿಂದ ಭಾಗಿಸಿದರೆ, ಜೋಡಿನಕ್ಷತ್ರಗಳು ಎಷ್ಟು ವಿಕಲೆ ದೂರವಿದ್ದರೆ ಬೇರೆಯಾಗಿ ಕಾಣುತ್ತವೆ ಎಂಬ ಲೆಕ್ಕ ಸಿಗುತ್ತದೆ. 114 ಮಿ.ಮೀ.ಗೆ ಒಂದು ವಿಕಲೆ, 200 ಮಿ.ಮೀ.ಗೆ 0.58 ವಿಕಲೆ. ಶನಿಯ ಉಂಗುರಗಳನ್ನು ಸೀಳುವ ಕ್ಯಾಸಿನಿ ಬಿರುಕು ಒಂದು ವಿಕಲೆಗೂ ಕಿರಿದು. ಕಪ್ಪು ಗೆರೆಯಾದ್ದರಿಂದ ಸೂತ್ರ ಹೇಳುವುದಕ್ಕಿಂತ ಸುಲಭವಾಗಿ ಕಾಣುತ್ತದೆ, ನಿಜ. ಆದರೂ ಚಿಕ್ಕ ಕನ್ನಡಿಯಲ್ಲಿ ಇದೆಯೋ ಇಲ್ಲವೋ ಎನ್ನಿಸುವ ಗೆರೆ 200 ಮಿ.ಮೀ.ನಲ್ಲಿ ಸೂಜಿಯಿಂದ ಗೀರಿದಂತೆ ಎದ್ದು ನಿಲ್ಲುತ್ತದೆ.

ವರ್ಧನೆ, ಅಂದರೆ ಎಷ್ಟು ಪಟ್ಟು ಹಿಗ್ಗಿ ಕಾಣುತ್ತದೆ ಎಂಬುದು, ಕನ್ನಡಿಯ ಗುಣವೇ ಅಲ್ಲ. ಕನ್ನಡಿಯ ಸಂಗಮದೂರವನ್ನು ಐಪೀಸಿನ ಸಂಗಮದೂರದಿಂದ ಭಾಗಿಸಿದರೆ ಸಿಗುವ ಸಂಖ್ಯೆ ಅದು. 1200 ಮಿ.ಮೀ. ಕನ್ನಡಿಗೆ 25 ಮಿ.ಮೀ. ಐಪೀಸ್ ಹಾಕಿದರೆ 48 ಪಟ್ಟು, 10 ಮಿ.ಮೀ. ಹಾಕಿದರೆ 120 ಪಟ್ಟು. ಐಪೀಸ್ ಬದಲಿಸುತ್ತ ಹೋದರೆ ಯಾವ ಸಂಖ್ಯೆಯನ್ನಾದರೂ ತಲುಪಬಹುದು. ಆಟಿಕೆ ಅಂಗಡಿಯ ಪೆಟ್ಟಿಗೆಗಳ ಮೇಲೆ ದಪ್ಪ ಅಕ್ಷರದಲ್ಲಿ ಕಾಣುವ 525 ಪಟ್ಟು ಬರುವುದು ಹೀಗೆ: 76 ಮಿ.ಮೀ. ಕನ್ನಡಿಯ ಸಂಗಮದೂರ 700, ಅದಕ್ಕೆ 4 ಮಿ.ಮೀ. ಐಪೀಸ್, ಮೇಲೆ ವರ್ಧನೆಯನ್ನು ಮೂರು ಪಟ್ಟು ಮಾಡುವ ಬಾರ್ಲೋ ಮಸೂರ. ಗುಣಾಕಾರ ಸರಿಯಾಗಿದೆ, ಕಾಣುವುದು ಮಾತ್ರ ಕಪ್ಪಗಿನ ಅಲುಗಾಡುವ ಮಬ್ಬು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿ ಅಕ್ಷರಶಃ ಭೌತವಿಜ್ಞಾನ: ವ್ಯಾಸದ ಪ್ರತಿ ಮಿಲಿಮೀಟರಿಗೆ ಎರಡು ಪಟ್ಟು, ಅದರಾಚೆಗೆ ಹಿಗ್ಗಿಸಿದರೆ ಹೊಸ ವಿವರ ಬರುವುದಿಲ್ಲ, ಇದ್ದ ಬೆಳಕು ಹಂಚಿ ತೆಳುವಾಗುತ್ತದೆ. ಆ 76 ಮಿ.ಮೀ.ನ ಮಿತಿ 150 ಪಟ್ಟಿನ ಆಸುಪಾಸಿನಲ್ಲೇ ಮುಗಿಯಿತು. ದೊಡ್ಡ ಕನ್ನಡಿಗೂ ಗಾಳಿಯ ಕಡಿವಾಣ ಇದೆ. ವಾತಾವರಣದ ಕದಲಿಕೆ ನಕ್ಷತ್ರಬಿಂಬವನ್ನು ಒಂದೆರಡು ವಿಕಲೆಯಷ್ಟು ಅಗಲಿಸುವುದರಿಂದ ಸಾಮಾನ್ಯ ರಾತ್ರಿಗಳಲ್ಲಿ 200 ಪಟ್ಟು ದಾಟುವ ಸಂದರ್ಭ ವಿರಳ. ವೀಕ್ಷಣೆಯ ಬಹುಪಾಲು 40ರಿಂದ 150 ಪಟ್ಟಿನೊಳಗೇ ನಡೆದುಹೋಗುತ್ತದೆ.

ಮಸೂರದ ದೂರದರ್ಶಕವೇ ಮೇಲು ಎನ್ನುವವರ ವಾದದಲ್ಲಿ ಸತ್ಯಾಂಶವಿದೆ. ನ್ಯೂಟನ್ ಮಾದರಿಯಲ್ಲಿ ಬೆಳಕಿನ ದಾರಿಯ ನಡುವೆ ಚಿಕ್ಕ ಕನ್ನಡಿ ಅಡ್ಡ ನಿಲ್ಲುತ್ತದೆ. ಮಸೂರಕ್ಕೆ ಅಂಥ ಅಡ್ಡಿಯಿಲ್ಲ, ಆದ್ದರಿಂದ ಸಮವ್ಯಾಸದ ಒಳ್ಳೆಯ ಮಸೂರದಲ್ಲಿ ಗ್ರಹಗಳ ಬಿಂಬ ಹೆಚ್ಚು ಕಳೆಗಟ್ಟಿ ಕಾಣುತ್ತದೆ. ಆದರೆ ಅಡ್ಡಿಯ ವ್ಯಾಸ ದೊಡ್ಡ ಕನ್ನಡಿಯ ಕಾಲು ಭಾಗವಿದ್ದರೂ ಅದು ತಡೆಯುವ ಬೆಳಕು ಶೇ. 6ರಷ್ಟು ಮಾತ್ರ. ಬಿಂಬದ ತೀಕ್ಷ್ಣತೆಗೆ ಆಗುವ ನಷ್ಟವನ್ನು ಅಂದಾಜು ಮಾಡಲು ದೊಡ್ಡ ಕನ್ನಡಿಯ ವ್ಯಾಸದಿಂದ ಚಿಕ್ಕದರ ವ್ಯಾಸ ಕಳೆಯುವ ರೂಢಿ ಇದೆ: 200ರಲ್ಲಿ 50 ಕಳೆದರೆ 150. ಅಂದರೆ 200 ಮಿ.ಮೀ. ಕನ್ನಡಿ ಗ್ರಹದ ವಿವರದಲ್ಲಿ 150 ಮಿ.ಮೀ. ಉತ್ತಮ ಮಸೂರಕ್ಕೆ ಸಮ. ಅಂಥ ಮಸೂರದ ಬೆಲೆಗೆ ಹಲವು ಕನ್ನಡಿ ದೂರದರ್ಶಕಗಳು ಬರುತ್ತವೆ, ಅದನ್ನು ಹೊರುವ ಪೀಠದ ಖರ್ಚು ಬೇರೆ. ಸಮವ್ಯಾಸಗಳನ್ನು ಹೋಲಿಸುವುದು ಪ್ರಯೋಗಾಲಯದ ನ್ಯಾಯ. ಕೊಳ್ಳುವವನಿಗೆ ಬೇಕಾದದ್ದು ಸಮಬೆಲೆಯ ಹೋಲಿಕೆ.

ಇನ್ನು ಪೀಠ. ಆನೆ ಕೊಂಡು ಅಂಕುಶಕ್ಕೆ ಚೌಕಾಸಿ ಮಾಡುವ ತಪ್ಪು ದೂರದರ್ಶಕ ಕೊಳ್ಳುವಲ್ಲಿ ದಿನವೂ ನಡೆಯುತ್ತದೆ. 120 ಪಟ್ಟು ಹಿಗ್ಗಿಸುವ ದೂರದರ್ಶಕ ಪೀಠದ ನಡುಕವನ್ನೂ ಅಷ್ಟೇ ಪಟ್ಟು ಹಿಗ್ಗಿಸುತ್ತದೆ. ಕೊಳವೆಯನ್ನು ಬೆರಳಿನಿಂದ ತಟ್ಟಿ ಬಿಂಬ ನೋಡಬೇಕು. ಒಂದೆರಡು ಸೆಕೆಂಡಿನೊಳಗೆ ನಡುಕ ಅಡಗದಿದ್ದರೆ ಆ ಪೀಠದ ಮೇಲಿನ ಕನ್ನಡಿ ಎಷ್ಟೇ ಚೆನ್ನಾಗಿದ್ದರೂ ವ್ಯರ್ಥ, ಏಕೆಂದರೆ ಫೋಕಸ್ ಮಾಡಲು ಕೈಯಿಟ್ಟ ಕೂಡಲೇ ಗ್ರಹ ಕುಣಿಯುತ್ತದೆ. ಈ ತೊಡಕಿಗೆ ಅಗ್ಗದ ಪರಿಹಾರ ಕೊಟ್ಟವನು ಜಾನ್ ಡಾಬ್ಸನ್ (1915-2014). ಬೀಜಿಂಗಿನಲ್ಲಿ ಹುಟ್ಟಿದ ಈ ಅಮೆರಿಕನ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದ ರಾಮಕೃಷ್ಣ ಪರಂಪರೆಯ ವೇದಾಂತ ಮಠವನ್ನು 1944ರಲ್ಲಿ ಸೇರಿ, 1967ರವರೆಗೆ ಸನ್ಯಾಸಿಯಾಗಿದ್ದ. ಕೈಯಲ್ಲಿ ಕಾಸಿಲ್ಲದ ಆತ ಹಡಗಿನ ಕಿಟಕಿಯ ದಪ್ಪ ಗಾಜನ್ನು ಕನ್ನಡಿಯಾಗಿ ಉಜ್ಜಿದ, ರಟ್ಟಿನ ಕೊಳವೆ ತಂದ, ಅದನ್ನು ಪ್ಲೈವುಡ್ಡಿನ ಪೆಟ್ಟಿಗೆಯಲ್ಲಿ ತೊಟ್ಟಿಲಿನಂತೆ ಕೂರಿಸಿದ. ಪೆಟ್ಟಿಗೆ ಎಡಬಲಕ್ಕೆ ತಿರುಗುತ್ತದೆ, ಕೊಳವೆ ಮೇಲೆ ಕೆಳಗೆ ಬಾಗುತ್ತದೆ. ಬೇರೆ ಚಲನೆ ಇಲ್ಲ. 1968ರಲ್ಲಿ ಗೆಳೆಯರೊಡನೆ ಶುರುಮಾಡಿದ ‘ಸೈಡ್‌ವಾಕ್ ಅಸ್ಟ್ರಾನಮರ್ಸ್’ ಕೂಟ ಬೀದಿಬದಿಯಲ್ಲಿ ದೂರದರ್ಶಕ ನಿಲ್ಲಿಸಿ ದಾರಿಹೋಕರಿಗೆ ಚಂದ್ರ, ಶನಿಗಳನ್ನು ತೋರಿಸಿತು. ಇಂದಿನ ಡಾಬ್ಸೋನಿಯನ್ ಪೀಠಗಳಲ್ಲಿ ನುಣುಪಾದ ಹಲಗೆಯ ಮೇಲೆ ಟೆಫ್ಲಾನ್ ತುಂಡುಗಳು ಜಾರುತ್ತವೆ. ತಳ್ಳಿದರೆ ಸರಿಯುತ್ತದೆ, ಬಿಟ್ಟರೆ ಅಲ್ಲೇ ನಿಲ್ಲುತ್ತದೆ. ಗುರುತ್ವವೇ ಅದರ ಬಿಗಿತ. ತಾಂತ್ರಿಕವಾಗಿ ಇದು ತೋಪಿನ ಗಾಡಿಯ ತಂತ್ರಕ್ಕಿಂತ ಹೊಸದೇನಲ್ಲ. ಹವ್ಯಾಸಿಗಳು ಒಮ್ಮೆಗೇ ದೊಡ್ಡ ಕನ್ನಡಿಗಳಿಗೆ ಜಿಗಿಯಲು ಸಾಧ್ಯವಾದದ್ದು ಮಾತ್ರ ಇದರಿಂದಲೇ.

ಇದಕ್ಕೆ ಎದುರಾಳಿ ಈಕ್ವಟೋರಿಯಲ್ ಪೀಠ. ಅದರ ಒಂದು ಅಕ್ಷವನ್ನು ಧ್ರುವದ ಕಡೆಗೆ ತಿರುಗಿಸಿಟ್ಟರೆ, ಆ ಒಂದೇ ಅಕ್ಷ ತಿರುಗಿಸುತ್ತ ನಕ್ಷತ್ರವನ್ನು ಬೆನ್ನಟ್ಟಬಹುದು. ಮೋಟಾರು ಜೋಡಿಸಿದರೆ ಕೈಯೇ ಬೇಡ. ಪುಸ್ತಕಗಳಲ್ಲಿ ಇದರ ಗುಣಗಾನ ಹೆಚ್ಚು. ಆ ಪುಸ್ತಕಗಳ ಬಹುಪಾಲು 40-50 ಡಿಗ್ರಿ ಅಕ್ಷಾಂಶದಲ್ಲಿ ಕುಳಿತು ಬರೆದವು, ಅಲ್ಲಿ ಧ್ರುವನಕ್ಷತ್ರ ಅರ್ಧ ಆಕಾಶದೆತ್ತರದಲ್ಲಿ ಹೊಳೆಯುತ್ತಿರುತ್ತದೆ. ಧ್ರುವದ ಎತ್ತರ ನಾವಿರುವ ಅಕ್ಷಾಂಶದಷ್ಟೇ: ಬೆಂಗಳೂರಿನಲ್ಲಿ 13 ಡಿಗ್ರಿ, ಧಾರವಾಡದಲ್ಲಿ ಹದಿನೈದೂವರೆ, ಬೀದರಿನಲ್ಲಿ 18. ಎದುರುಮನೆಯ ನೀರಿನ ಟ್ಯಾಂಕೋ ತೆಂಗಿನ ಮರವೋ ಅದನ್ನು ಮರೆಮಾಡಲು ಸಾಕು, ಅವೆರಡೂ ಇಲ್ಲದಿದ್ದರೆ ದಿಗಂತದ ಧೂಳಿದೆ. ಪೀಠದ ಅಕ್ಷವೂ ಹೆಚ್ಚುಕಡಿಮೆ ನೆಲಕ್ಕೆ ಸಮಾನಾಂತರವಾಗಿ ಮಲಗಬೇಕಾಗುತ್ತದೆ. ಅಷ್ಟು ಬಾಗಿಸಿದಾಗ ಅಗ್ಗದ ಪೀಠಗಳಲ್ಲಿ ಪ್ರತಿಭಾರದ ಸರಳು ತ್ರಿಪಾದಿಯ ಕಾಲಿಗೆ ತಾಗುವುದುಂಟು. ನ್ಯೂಟನ್ ಕೊಳವೆಯನ್ನು ಇಂಥ ಪೀಠಕ್ಕೆ ಕಟ್ಟಿದರೆ ಆಕಾಶದ ಒಂದು ಭಾಗದಿಂದ ಇನ್ನೊಂದಕ್ಕೆ ತಿರುಗಿಸಿದಾಗ ಐಪೀಸ್ ಮೇಲಕ್ಕೋ ಕೊಳವೆಯಡಿಗೋ ಹೋಗಿಬಿಡುತ್ತದೆ, ನೋಡುವವನು ಕತ್ತು ತಿರುಚಬೇಕು. ಡಾಬ್ಸೋನಿಯನ್ನಿಗೆ ಧ್ರುವ ಎಲ್ಲಿದೆಯೆಂಬುದೇ ಬೇಕಿಲ್ಲ.

ಹಾಗಾದರೆ ಭೂಮಿಯ ತಿರುಗುವಿಕೆಗೆ ಏನು ಮಾಡುವುದು? 120 ಪಟ್ಟು ವರ್ಧನೆಯಲ್ಲಿ ಸಾಮಾನ್ಯ ಐಪೀಸಿನ ನೋಟದ ಅಗಲ 25 ಕಲೆಯಷ್ಟು. ಆಕಾಶ ನಿಮಿಷಕ್ಕೆ 15 ಕಲೆ ಸರಿಯುತ್ತದೆ. ಗ್ರಹ ಒಂದು ಅಂಚಿನಿಂದ ಇನ್ನೊಂದಕ್ಕೆ ದಾಟಲು ಒಂದೂವರೆ ನಿಮಿಷದ ಮೇಲೆ ಬೇಕು. ಒಂದು ಸಣ್ಣ ನೂಕು, ಮತ್ತೆ ಒಂದೂವರೆ ನಿಮಿಷ. ಕೆಲವು ರಾತ್ರಿಗಳಲ್ಲೇ ಕೈಗೆ ಇದು ರೂಢಿಯಾಗುತ್ತದೆ. ಡಾಬ್ಸೋನಿಯನ್ನಿನ ನಿಜವಾದ ಕೊರತೆ ಬೇರೆ: ನೆತ್ತಿಯ ಮೇಲಿರುವ ಕಾಯವನ್ನು ಹಿಂಬಾಲಿಸಲು ಇಡೀ ಪೆಟ್ಟಿಗೆಯನ್ನು ಗಿರ್ರನೆ ತಿರುಗಿಸಬೇಕಾಗುತ್ತದೆ, ಹಿಡಿತ ತಪ್ಪುತ್ತದೆ. ನಮ್ಮಲ್ಲಿ ಮಿಥುನ, ವೃಷಭ ರಾಶಿಗಳಲ್ಲಿರುವ ಗ್ರಹಗಳು ನೆತ್ತಿಯ ಹತ್ತಿರವೇ ಹಾಯುವುದರಿಂದ ಈ ಪೇಚು ಇಲ್ಲಿ ಹೆಚ್ಚು. ಒಂದು ಗಂಟೆ ಮೊದಲು ಅಥವಾ ಆಮೇಲೆ ನೋಡುವುದೇ ಇದಕ್ಕೆ ದಾರಿ. ನೀಹಾರಿಕೆ, ಗ್ಯಾಲಕ್ಸಿಗಳ ದೀರ್ಘ ಛಾಯಾಚಿತ್ರಣ ಬೇಕೆನ್ನುವವರಿಗೆ ಮಾತ್ರ ಡಾಬ್ಸೋನಿಯನ್ ತಕ್ಕುದಲ್ಲ, ಅವರಿಗೆ ಮೋಟಾರಿನ ಈಕ್ವಟೋರಿಯಲ್ ಪೀಠವೇ ಬೇಕು. ಮೊಬೈಲ್ ಪರದೆಯ ಮೇಲೆ ಬಣ್ಣದ ಚಿತ್ರ ಮೂಡಿಸುವ ಸ್ವಯಂಚಾಲಿತ ಎಲೆಕ್ಟ್ರಾನಿಕ್ ದೂರದರ್ಶಕಗಳೂ ಈಗ ಬಂದಿವೆ. ಅವು ಕೆಟ್ಟವಲ್ಲ, ಆದರೆ ಅವು ಕ್ಯಾಮೆರಾಗಳು. ಐಪೀಸಿಗೆ ಕಣ್ಣಿಟ್ಟು ನೋಡುವ ಕೆಲಸದ ಜೊತೆ ಅವನ್ನು ತೂಗುವುದು ಸಂಗೀತ ಕಚೇರಿಯನ್ನು ಧ್ವನಿಮುದ್ರಿಕೆಯೊಡನೆ ತೂಗಿದಂತೆ.

ಎಲ್ಲಕ್ಕಿಂತ ಹೆಚ್ಚು ಬಾರಿ ಕೇಳಿಬರುವ ಆಕ್ಷೇಪ ನಗರದ ಬೆಳಕಿನದು: ಬೆಂಗಳೂರಿನಂಥ ಊರಿನಲ್ಲಿ ದೊಡ್ಡ ಕನ್ನಡಿ ಬೀದಿದೀಪದ ಬೆಳಕನ್ನೂ ಹೆಚ್ಚು ಹಿಡಿಯುವುದಿಲ್ಲವೇ? ಹಿಡಿಯುತ್ತದೆ. ಆದರೆ ಹಿಡಿದ ಬೆಳಕಿನಲ್ಲಿ ಆಕಾಶದ ಪಾಲು, ನೀಹಾರಿಕೆಯ ಪಾಲು ಎರಡೂ ಒಂದೇ ಪ್ರಮಾಣದಲ್ಲಿ ಏರುವುದರಿಂದ ಅವುಗಳ ನಡುವಿನ ಅಂತರ ಕೆಡುವುದಿಲ್ಲ. ಅಷ್ಟೇ ಹೊಳಪಿನಲ್ಲಿ ಬಿಂಬವನ್ನು ಇನ್ನಷ್ಟು ಹಿಗ್ಗಿಸಬಹುದು, ಮಂಕಾದ ವಸ್ತು ದೊಡ್ಡದಾದಷ್ಟೂ ಕಣ್ಣಿಗೆ ಬೇಗ ಸಿಗುತ್ತದೆ. ನಕ್ಷತ್ರಗಳಂತೂ ಬಿಂದುಗಳು: ಹಿಗ್ಗಿಸಿದಾಗ ಹಿನ್ನೆಲೆ ಕಪ್ಪಾಗುತ್ತದೆ, ಬಿಂದು ಹಾಗೇ ಉಳಿಯುತ್ತದೆ. ಆದ್ದರಿಂದ ಗೋಳಾಕಾರದ ನಕ್ಷತ್ರಗುಚ್ಛಗಳನ್ನು ನಗರದಿಂದಲೂ ಬಿಡಿಸಿ ನೋಡಬಹುದು. ಚಂದ್ರ, ಗ್ರಹ, ಜೋಡಿನಕ್ಷತ್ರಗಳಿಗೆ ಬೀದಿದೀಪದ ಗೊಡವೆಯೇ ಇಲ್ಲ. ಗ್ಯಾಲಕ್ಸಿಗಳ ವಿಷಯದಲ್ಲಿ ಮಾತ್ರ ಆಕ್ಷೇಪ ಗೆಲ್ಲುತ್ತದೆ: ಕತ್ತಲೆಯ ಹಳ್ಳಿಯಲ್ಲಿ 100 ಮಿ.ಮೀ. ಕನ್ನಡಿಗೆ ಕಾಣುವ ಗ್ಯಾಲಕ್ಸಿ ನಗರದಲ್ಲಿ 200 ಮಿ.ಮೀ.ಗೂ ತಪ್ಪಿಸಿಕೊಳ್ಳಬಹುದು. ಅದು ದೊಡ್ಡ ಕನ್ನಡಿಗೆ ವಿರುದ್ಧವಾದ ವಾದವಲ್ಲ, ಕಾರಿನ ಡಿಕ್ಕಿಯಲ್ಲಿ ಹಿಡಿಯುವ ಕನ್ನಡಿಯ ಪರವಾದ ವಾದ.

ಅಳತೆಯ ಮಿತಿ ಗೊತ್ತಾಗುವುದು ಇಲ್ಲೇ. 1200 ಮಿ.ಮೀ. ಸಂಗಮದೂರದ 150 ಮಿ.ಮೀ. ಮತ್ತು 200 ಮಿ.ಮೀ. ಡಾಬ್ಸೋನಿಯನ್‌ಗಳು ಈ ವರ್ಗದ ಎರಡು ಗಟ್ಟಿ ಮಾದರಿಗಳು. ಕೊಳವೆಯ ಉದ್ದ ಎರಡರದೂ ಸುಮಾರು ನಾಲ್ಕು ಅಡಿ. ಪೀಠ ಸೇರಿ ಚಿಕ್ಕದು 15 ಕೆ.ಜಿ. ಆಸುಪಾಸು, ದೊಡ್ಡದು 20-25 ಕೆ.ಜಿ. 250 ಮಿ.ಮೀ.ಗೆ ಹೋದರೆ ಒಬ್ಬರೇ ತಾರಸಿಯ ಮೆಟ್ಟಿಲೇರಿಸುವ ಮಾತಿಲ್ಲ. ವಾರಕ್ಕೆ ಮೂರು ಸಲ ಹೊರಬರುವ 150, ತಿಂಗಳಿಗೊಮ್ಮೆ ಹೊರಬರುವ 250ನ್ನು ಮೀರಿಸುತ್ತದೆ. ಮೂರನೆಯ ಮಹಡಿಯ ಬಾಲ್ಕನಿಯೊಂದೇ ಗತಿ ಎನ್ನುವವರಿಗೆ ಕನ್ನಡಿ, ಮಸೂರ ಎರಡೂ ಸೇರಿದ, ಮೊಳದುದ್ದಕ್ಕೂ ಕಡಿಮೆಯಿರುವ ಮಕ್ಸುಟೊವ್ ಮಾದರಿಯೇ ಮೇಲು ಎಂದು ಒಪ್ಪಬೇಕು. ದೂರದರ್ಶಕಕ್ಕೆ ಮೊದಲು ಬೈನಾಕ್ಯುಲರ್ ಕೊಳ್ಳಿ ಎಂಬ ಸಲಹೆಯೂ ಆಕಾಶದ ದಾರಿ ಕಲಿಯುವ ಮಟ್ಟಿಗೆ ಸರಿ, ಆದರೆ ಶನಿಯ ಉಂಗುರ ಬಿಡಿಸಿ ಕಾಣಲು 25-30 ಪಟ್ಟಾದರೂ ಬೇಕು. ಒಂದು ಬಲೆಯ ಬಗ್ಗೆ ಎಚ್ಚರ ಬೇಕು. ಅರ್ಧ ಮೀಟರ್ ಉದ್ದದ ಕೊಳವೆಯ ಮೇಲೆ 114 ಮಿ.ಮೀ. ವ್ಯಾಸ, 1000 ಮಿ.ಮೀ. ಸಂಗಮದೂರ ಎಂದು ಬರೆದಿದ್ದರೆ, ಗೋಳಾಕಾರದ ಅಗ್ಗದ ಕನ್ನಡಿಯ ದೋಷ ಮುಚ್ಚಲು ಫೋಕಸರ್ ಒಳಗೆ ಮಸೂರವೊಂದನ್ನು ತುರುಕಿದ್ದಾರೆ ಎಂದರ್ಥ. ಇಂಥವುಗಳ ಬಿಂಬ ಸಾಮಾನ್ಯವಾಗಿ ಮೆದು, ಜೋಡಣೆ ಸರಿಪಡಿಸುವುದು ತಲೆನೋವು. ಸಂಗಮದೂರ ವ್ಯಾಸದ ಎಂಟು ಪಟ್ಟಿರುವ ಚಿಕ್ಕ ಕನ್ನಡಿಗೆ ಗೋಳಾಕಾರವೇ ಸಾಕು; ಐದು ಪಟ್ಟಿನದಕ್ಕೆ ಪರವಲಯದ ಆಕಾರ ಇರಲೇಬೇಕು. ಆ ವ್ಯತ್ಯಾಸ ಎಷ್ಟು ಸೂಕ್ಷ್ಮವೆಂದರೆ, ಕನ್ನಡಿಯ ಮೈ ಇರಬೇಕಾದ ಆಕಾರದಿಂದ ಮಿಲಿಮೀಟರಿನ ಹದಿನಾಲ್ಕು ಸಾವಿರದಲ್ಲಿ ಒಂದು ಪಾಲಿಗಿಂತ ಹೆಚ್ಚು ತಪ್ಪಬಾರದು. ಇಷ್ಟು ನಿಖರತೆಯನ್ನು ಎರಡು ಗಾಜಿನ ಬಿಲ್ಲೆಗಳ ನಡುವೆ ಪುಡಿ ಹಾಕಿ ಕೈಯಲ್ಲೇ ಉಜ್ಜಿ ಸಾಧಿಸಬಹುದು, 1850ರ ದಶಕದ ಕೊನೆಗೆ ಫ್ರೆಂಚ್ ಭೌತವಿಜ್ಞಾನಿ ಫೂಕೋ ರೂಪಿಸಿದ ಬ್ಲೇಡಿನ ಅಲಗಿನ ಪರೀಕ್ಷೆಯಿಂದ ಮನೆಯಲ್ಲೇ ಅಳೆಯಬಹುದು ಎಂಬುದು ಈ ಹವ್ಯಾಸದ ಬೆರಗುಗಳಲ್ಲೊಂದು.

ಕನ್ನಡಿಗಳು ಆಗಾಗ ಸಾಲು ತಪ್ಪುತ್ತವೆ, ಮಸೂರಕ್ಕೆ ಈ ಕಾಟವಿಲ್ಲ ಎಂಬ ದೂರು ನಿಜ, ಭಯ ಮಾತ್ರ ಅತಿ. ಕನ್ನಡಿಗಳನ್ನು ಸಾಲುಗೂಡಿಸುವುದಕ್ಕೆ ಹವ್ಯಾಸಿಗಳು ಕಾಲಿಮೇಶನ್ ಎನ್ನುತ್ತಾರೆ. ಐಪೀಸ್ ತೆಗೆದು, ನಡುವೆ ಸಣ್ಣ ತೂತಿರುವ ಮುಚ್ಚಳ ಹಾಕಿ ಇಣುಕಿದರೆ ಚಿಕ್ಕ ಕನ್ನಡಿಯೊಳಗೆ ದೊಡ್ಡ ಕನ್ನಡಿಯ ಪ್ರತಿಬಿಂಬ ಪೂರ್ಣವಾಗಿ, ನಡುವೆಯೇ ಕಾಣಬೇಕು. ಕಾಣದಿದ್ದರೆ ಮೊದಲು ಚಿಕ್ಕದರ ತಿರುಪುಗಳು, ಆಮೇಲೆ ಕೊಳವೆಯ ತಳದ ಮೂರು ತಿರುಪುಗಳು. ಕೈ ಪಳಗಿದ ಮೇಲೆ ಐದು ನಿಮಿಷದ ಕೆಲಸ. ರಾತ್ರಿ ಪ್ರಕಾಶಮಾನವಾದ ನಕ್ಷತ್ರವೊಂದನ್ನು ಬೇಕೆಂದೇ ಫೋಕಸ್ ತಪ್ಪಿಸಿ ನೋಡಿದಾಗ ಉಂಗುರಗಳು ಒಂದರೊಳಗೊಂದು ಸಮನಾಗಿ ಕೂತಿದ್ದರೆ ಹೊಂದಾಣಿಕೆ ಸರಿ. ಉದ್ದ ಸಂಗಮದೂರದ ಕನ್ನಡಿ ಇಲ್ಲಿ ಹೆಚ್ಚು ಕ್ಷಮಾಶೀಲ: ದೋಷವಿಲ್ಲದೆ ಬಿಂಬ ಮೂಡುವ ನಡುಭಾಗದ ಅಗಲ, ಸಂಗಮದೂರಕ್ಕೂ ವ್ಯಾಸಕ್ಕೂ ಇರುವ ಅನುಪಾತದ ಘನಕ್ಕೆ ತಕ್ಕಂತೆ ಹಿಗ್ಗುವುದರಿಂದ, ಅನುಪಾತ 8 ಇದ್ದರೆ 5ಕ್ಕಿಂತ ನಾಲ್ಕು ಪಟ್ಟು ಅಗಲ ಸಿಗುತ್ತದೆ. 150 ಮಿ.ಮೀ. ಮಾದರಿ ಹೊಸಬರಿಗೆ ಒಗ್ಗಲು ಇದೂ ಒಂದು ಕಾರಣ.

ಬಳಕೆಯಲ್ಲಿ ಬಿಂಬ ಕೆಡುವುದು ಹೆಚ್ಚಾಗಿ ಶಾಖದಿಂದ. ಕೋಣೆಯ ಬೆಚ್ಚಗಿನ ಕನ್ನಡಿಯನ್ನು ಹೊರಗಿಟ್ಟ ಕೂಡಲೇ ಅದರ ಮೇಲಿನ ಗಾಳಿ ಬಿಸಿ ಬಾಣಲೆಯ ಮೇಲಿನಂತೆ ಕದಲುತ್ತದೆ. ಅರ್ಧ ಗಂಟೆಯಿಂದ ಒಂದು ಗಂಟೆ ಹೊರಗೆ ತಣಿಯಲು ಬಿಡಬೇಕು. ಹಗಲೆಲ್ಲ ಬಿಸಿಲುಂಡ ಆರ್‌ಸಿಸಿ ತಾರಸಿ ಮಧ್ಯರಾತ್ರಿಯವರೆಗೂ ಶಾಖ ಉಗುಳುತ್ತಿರುತ್ತದೆ. ಎತ್ತರದ ತಾರಸಿಗಿಂತ ಹುಲ್ಲಿನ ಹಿತ್ತಲಿನಲ್ಲಿ ಗುರು ನಿಶ್ಚಲವಾಗಿ ಕಾಣುವುದು, ಅದೇ ತಾರಸಿಯಿಂದ ಬೆಳಗಿನ ಜಾವ ನೋಟ ತಿಳಿಯಾಗುವುದು ಇದರಿಂದಲೇ. ಹಗಲಿನಲ್ಲೇ ದೂರದ ಮೊಬೈಲ್ ಗೋಪುರದ ತುದಿಗೆ ಗುರಿಯಿಟ್ಟು, ಕೊಳವೆಯ ಮೇಲಿನ ಕೆಂಪುಚುಕ್ಕೆಯ ಫೈಂಡರನ್ನು ಹೊಂದಿಸಿಕೊಂಡರೆ ರಾತ್ರಿಯ ಅರ್ಧ ಪರದಾಟ ತಪ್ಪುತ್ತದೆ. ಬಿಂಬ ತಲೆಕೆಳಗಾಗಿ ಕಾಣುತ್ತದೆ, ಆಕಾಶದಲ್ಲಿ ಅದರಿಂದ ನಷ್ಟವಿಲ್ಲ. ಯಾವಾಗಲೂ 25 ಮಿ.ಮೀ. ಐಪೀಸಿನಿಂದ ಶುರುಮಾಡಿ, ವಸ್ತು ಸಿಕ್ಕ ಮೇಲೆ ವರ್ಧನೆ ಏರಿಸಬೇಕು. ಕಣ್ಣು ಕತ್ತಲಿಗೆ ಪೂರ್ತಿ ಹೊಂದಲು 20-30 ನಿಮಿಷ ಬೇಕು. ಮೊಬೈಲ್ ಪರದೆಯ ಒಂದು ಮಿಂಚು ಅದನ್ನು ಅಳಿಸಿಹಾಕುತ್ತದೆ. ಮಸುಕಾದ ನೀಹಾರಿಕೆಯನ್ನು ನೇರ ದಿಟ್ಟಿಸಬಾರದು, ತುಸು ಪಕ್ಕಕ್ಕೆ ನೋಡಬೇಕು, ಏಕೆಂದರೆ ಮಂದ ಬೆಳಕು ಹಿಡಿಯುವ ಜೀವಕೋಶಗಳು ಅಕ್ಷಿಪಟದ ನಡುವೆ ಇಲ್ಲ. ಅವಕ್ಕೆ ಬಣ್ಣವೂ ತಿಳಿಯದು. ಪತ್ರಿಕೆಗಳಲ್ಲಿ ಗುಲಾಬಿಯಾಗಿ ಕಾಣುವ ಮಹಾವ್ಯಾಧನ ನೀಹಾರಿಕೆ ಐಪೀಸಿನಲ್ಲಿ ಬೂದು-ಹಸಿರು ಹೊಗೆ. ಇದನ್ನು ಮೊದಲೇ ಹೇಳದ ಮಾರಾಟಗಾರರಿಂದಲೇ ಎಷ್ಟೋ ದೂರದರ್ಶಕಗಳು ಅಟ್ಟ ಸೇರಿವೆ. ಫಿಲ್ಟರಿಲ್ಲದ ದೂರದರ್ಶಕವನ್ನು ಸೂರ್ಯನ ಕಡೆಗೆ ಎಂದೂ ತಿರುಗಿಸಬಾರದು, ಕಣ್ಣು ಕ್ಷಣದಲ್ಲೇ ಹೋಗುತ್ತದೆ. ಕೊಳವೆಯ ಬಾಯಿಯನ್ನೇ ಪೂರ್ತಿ ಮುಚ್ಚುವ ಸೌರ ಫಿಲ್ಟರ್ ಮಾತ್ರ ಸುರಕ್ಷಿತ. ಐಪೀಸಿಗೆ ತಿರುಗಿಸಿ ಕೂರಿಸುವ ಕಪ್ಪು ಗಾಜು ಶಾಖಕ್ಕೆ ಒಡೆಯುತ್ತದೆ, ಅದನ್ನು ಎಸೆಯುವುದೇ ಲೇಸು. ಕರಾವಳಿ ಮಲೆನಾಡುಗಳ ಮಳೆಗಾಲದಲ್ಲಿ ಕನ್ನಡಿ, ಐಪೀಸುಗಳಿಗೆ ಬೂಷ್ಟು ಹಿಡಿಯುವ ಅಪಾಯವಿದೆ. ಸಿಲಿಕಾ ಜೆಲ್ ಪೊಟ್ಟಣ ಹಾಕಿ ಮುಚ್ಚಿಡಬೇಕು. ಕನ್ನಡಿಯ ಮೇಲೆ ಕೂತ ಧೂಳು ಬಿಂಬಕ್ಕೆ ಮಾಡುವ ಹಾನಿ ಅತ್ಯಲ್ಪ, ಅದನ್ನು ಬಟ್ಟೆಯಿಂದ ಒರೆಸುವುದು ಮಾಡುವ ಹಾನಿ ಶಾಶ್ವತ. ಎರಡು ಮೂರು ವರ್ಷಕ್ಕೊಮ್ಮೆ ಶುದ್ಧೀಕರಿಸಿದ ನೀರು ಹರಿಸಿದರೆ ಸಾಕು.

ಉತ್ತರದ ದೇಶಗಳವರು ಅಸೂಯೆಪಡುವ ಆಕಾಶ ನಮ್ಮದು. ಧನು ರಾಶಿಯಲ್ಲಿರುವ ಗ್ರಹ ಲಂಡನ್ನಿನಲ್ಲಿ ದಿಗಂತದಿಂದ ಹದಿನೈದು ಡಿಗ್ರಿಯಷ್ಟು ಏರಿದರೆ ಬೆಂಗಳೂರಿನಲ್ಲಿ 54 ಡಿಗ್ರಿ ಏರುತ್ತದೆ. ಅಲ್ಲಿ ಅದರ ಬೆಳಕು ಹಾಯಬೇಕಾದ ಗಾಳಿ ಇಲ್ಲಿಯದರ ಮೂರು ಪಟ್ಟು. ನಮ್ಮ ಕೊರತೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮೋಡ. ಆಕಾಶಗಂಗೆಯ ನಡುಭಾಗ ಸಂಜೆಯಾಕಾಶಕ್ಕೆ ಬರುವುದು ಸರಿಯಾಗಿ ಆಗಲೇ, ಆದ್ದರಿಂದ ವೃಶ್ಚಿಕ-ಧನುಗಳ ನಕ್ಷತ್ರಗುಚ್ಛಗಳನ್ನು ಮಾರ್ಚ್-ಏಪ್ರಿಲ್ ತಿಂಗಳ ಬೆಳಗಿನ ಜಾವದಲ್ಲೇ ಹಿಡಿಯಬೇಕು. ಚಂದ್ರನನ್ನು ಹುಣ್ಣಿಮೆಯಲ್ಲಿ ನೋಡಿದರೆ ನೆರಳಿಲ್ಲದ ಬಿಳಿ ತಟ್ಟೆ. ಶುಕ್ಲಪಕ್ಷದ ಸಪ್ತಮಿ-ಅಷ್ಟಮಿಗಳಲ್ಲಿ ಬೆಳಕು ಕತ್ತಲೆ ಸೇರುವ ಗೆರೆಯುದ್ದಕ್ಕೂ ಕುಳಿಗಳು ಕಡೆದಂತೆ ಏಳುತ್ತವೆ. 2025ರ ಮಾರ್ಚಿನಲ್ಲಿ ಭೂಮಿಗೆ ಅಂಚು ತೋರಿಸಿ ಗೆರೆಯಂತಾಗಿದ್ದ ಶನಿಯ ಉಂಗುರಗಳು ವರ್ಷದಿಂದ ವರ್ಷಕ್ಕೆ ತೆರೆದುಕೊಳ್ಳುತ್ತ 2032ರ ಹೊತ್ತಿಗೆ ಪೂರ್ತಿ ಅರಳಲಿವೆ. ಡಿಸೆಂಬರ್-ಫೆಬ್ರವರಿಯ ಒಣ ರಾತ್ರಿಗಳಲ್ಲಿ ಕೃತ್ತಿಕೆ, ಮಹಾವ್ಯಾಧ. ಏಪ್ರಿಲ್ ಅಮಾವಾಸ್ಯೆಯ ಆಸುಪಾಸಿನಲ್ಲಿ, ಮುಂಗಾರುಪೂರ್ವದ ಗುಡುಗುಮೋಡ ಬಿಡುವು ಕೊಟ್ಟರೆ, ಲಂಡನ್ನಿನಿಂದ ಎಂದೂ ಕಾಣದ ಎರಡು ನೋಟಗಳು ದಕ್ಷಿಣಕ್ಕೆ ಬರುತ್ತವೆ. ಮೊದಲು ರಾತ್ರಿ ಹತ್ತರ ಸುಮಾರಿಗೆ ಬೆಂಗಳೂರಿನ ದಿಗಂತದಿಂದ 17 ಡಿಗ್ರಿ ಮೇಲೆ ಈಟಾ ಕರೀನೆಯ ನೀಹಾರಿಕೆ. ಮಧ್ಯರಾತ್ರಿಯ ಹೊತ್ತಿಗೆ ತ್ರಿಶಂಕುವಿನ ಈಶಾನ್ಯಕ್ಕೆ, 30 ಡಿಗ್ರಿ ಎತ್ತರದಲ್ಲಿ, ಬರಿಗಣ್ಣಿಗೆ ಮಸುಕು ನಕ್ಷತ್ರದಂತೆ ತೋರುವ ಒಮೆಗಾ ಸೆಂಟಾರಿ ನಕ್ಷತ್ರಗುಚ್ಛ. ಬೈನಾಕ್ಯುಲರಿನಲ್ಲಿ ಅದು ಹತ್ತಿಯ ಉಂಡೆ. 150 ಮಿ.ಮೀ. ಕನ್ನಡಿಯಲ್ಲಿ ಅಂಚು ಬಿಡಿಸಿಕೊಂಡು ಹರಳುಹರಳಾಗುತ್ತದೆ, 200 ಮಿ.ಮೀ.ನಲ್ಲಿ ಆ ಹರಳು ನಡುವಿನವರೆಗೂ ಇಳಿಯುತ್ತದೆ.